ಸೂರ್ಯನ ಕುದುರೆಯ ಸಾಕ್ಷಿ

“ಬುದ್ಧಿ, ತಿಂದವಳದು ತಪ್ಪೋ, ತಿನ್ನಿಸಿಕೊಂಡವನದು ತಪ್ಪೋ?”

ಪೂಜೆಗೆ ಹೂ ಬಿಡಿಸಲು ಹೋಗಿದ್ದ ಹಾಲಪ್ಪ ಬರಿಗೈಯಲ್ಲಿ ಮಠಕ್ಕೆ ಬಂದು ಗುರುಪಾದ ಸ್ವಾಮಿಗಳನ್ನು ಹೀಗೆ ಕೇಳಿದ. ಕಣಗಿಲೆ ಗಿಡದ ಮೇಲೆ ಅವನು ಎರಡು ಸೂರ್ಯನ ಕುದುರೆಗಳನ್ನು ಕಂಡಿದ್ದ. ಕೈಮುಗಿದಂತೆ ಮುಂಗಾಲು ಮಡಚಿ ಕೂರುವ ಹಸಿರು ಹುಳುಗಳು ಅವು. ಗಂಡು ಹಿಂದಿನಿಂದ ಬಂದು ಹೆಣ್ಣಿನ ಬೆನ್ನೇರಿತು. ಹೆಣ್ಣು ಕತ್ತು ತಿರುಗಿಸಿ ಅದರ ತಲೆಯನ್ನೇ ತಿಂದುಹಾಕಿತು. ತಲೆಯಿಲ್ಲದ ಗಂಡು ಆಮೇಲೂ ಕೂಡುವುದನ್ನು ಬಿಡಲಿಲ್ಲ. ಇದನ್ನು ಒಲವೆನ್ನಬೇಕೋ ಕೊಲೆಯೆನ್ನಬೇಕೋ ಹಾಲಪ್ಪನಿಗೆ ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಸ್ವಾಮಿಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಹೂಗಾರನಿದ್ದ. ಅವನ ತಮ್ಮ ಮದುವೆಯಾದ ವರ್ಷದೊಳಗೆ ಜ್ವರ ಬಂದು ಸತ್ತ. ತಮ್ಮನ ಹೆಂಡತಿಯನ್ನು ಊರು ‘ಗಂಡನನ್ನು ತಿಂದುಕೊಂಡವಳು’ ಎಂದಿತು. ಹೂಗಾರ ಬಾಯಿಬಿಟ್ಟು ಹಾಗನ್ನಲಿಲ್ಲ. ಆದರೆ ಅವಳ ಮುಖ ನೋಡುವುದನ್ನು ಬಿಟ್ಟ. ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೋ ಹೊರಗೆ ಕಳಿಸುವುದೋ ಎಂದು ತೀರ್ಮಾನಿಸಲು ಊರ ಹಿರಿಯರು ದಿನ ಗೊತ್ತುಮಾಡಿದರು. ಅವಳಿಗೆ ತವರು ಇರಲಿಲ್ಲ.

ಅದೇ ವಾರ, ಹಾಲಪ್ಪ, ನೀನು ಕಂಡದ್ದನ್ನೇ ಹೂಗಾರ ತನ್ನ ತೋಟದಲ್ಲಿ ಕಂಡ. ಊರವರ ಮಾತು ಸುಳ್ಳಲ್ಲ, ಇದು ಹೆಣ್ಣಿನ ಹುಟ್ಟುಗುಣ ಅಂದುಕೊಂಡ. ಒಂದು ಹೆಣ್ಣು ಹುಳುವನ್ನು ಹಿಡಿದು ಬುಟ್ಟಿಯಲ್ಲಿ ಮುಚ್ಚಿಟ್ಟ. ನಾಲ್ಕು ದಿನ ಕಳೆದು ಹಿರಿಯರು ಸೇರಿದಾಗ ಅವರೆದುರು ಬುಟ್ಟಿಯೊಳಗೆ ಗಂಡೊಂದನ್ನು ಬಿಟ್ಟ. ಗಂಡು ಹತ್ತಿರ ಹೋಗುವಷ್ಟರಲ್ಲೇ ಹೆಣ್ಣು ಅದನ್ನು ಹಿಡಿದು ತಿಂದಿತು. “ಇನ್ನು ಯಾವ ಸಾಕ್ಷಿ ಬೇಕು?” ಎಂದರು ಹಿರಿಯರು.

ಬಾಗಿಲ ಮರೆಯಲ್ಲಿ ನಿಂತಿದ್ದ ಆ ಹೆಂಗಸು ಮೊದಲ ಸಲ ಬಾಯಿಬಿಟ್ಟಳು. “ಬಾವ, ನಾಲ್ಕು ದಿನ ಅದಕ್ಕೆ ತಿನ್ನಲು ಏನು ಹಾಕಿದ್ದಿರಿ?”

ಹೂಗಾರ ಏನೂ ಹಾಕಿರಲಿಲ್ಲ.

ಅವಳು ಹಿರಿಯರಲ್ಲಿ ಎರಡು ದಿನದ ಗಡುವು ಬೇಡಿಕೊಂಡಳು. ತೋಟದಲ್ಲಿ ಮಿಡತೆ, ನೊಣ ಹಿಡಿದು ತಂದು ಆ ಹುಳುವಿಗೆ ಸಾಕು ಸಾಕೆನ್ನುವಷ್ಟು ತಿನ್ನಿಸಿದಳು. ಮೂರನೆಯ ದಿನ ಹಿರಿಯರೆದುರು ಇನ್ನೊಂದು ಗಂಡನ್ನು ಬಿಟ್ಟರು. ಅವೆರಡೂ ಮಧ್ಯಾಹ್ನದವರೆಗೆ ಕೂಡಿದ್ದವು. ಆಮೇಲೆ ಗಂಡು ಮೆಲ್ಲಗೆ ಇಳಿದು ಹಾರಿಹೋಯಿತು.

ಹಿರಿಯರು ಗಲಿಬಿಲಿಗೊಂಡರು. ಹುಳು ಅದೇ, ಬುಟ್ಟಿಯೂ ಅದೇ. ಮೊದಲು ಕಂಡದ್ದು ಅದರ ಗುಣವೋ, ಈಗ ಕಂಡದ್ದೋ? ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ, “ಹುಳು ಗಂಡನ್ನು ಬಿಟ್ಟಿದೆ, ಇವಳೂ ಇರಲಿ ಬಿಡು,” ಎಂದು ಎದ್ದುಹೋದರು.

ಹೂಗಾರನಿಗೆ ಹಗುರವಾಯಿತು. “ನೀನು ಗೆದ್ದೆಯಮ್ಮ,” ಎಂದ.

“ಇವತ್ತೂ ಅದು ತಿಂದುಬಿಟ್ಟಿದ್ದರೆ ನಾನು ಎಲ್ಲಿಗೆ ಹೋಗಬೇಕಿತ್ತು, ಬಾವ?” ಎಂದಳು ಅವಳು.

ಹೂಗಾರ ಸಾಯುವವರೆಗೂ ಆ ಮಾತನ್ನು ನೆನೆನೆನೆದು ತಲೆ ಕೊಡವುತ್ತಿದ್ದನಂತೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಹಾಲಪ್ಪನ ಗೊಂದಲ ಕರಗುವ ಬದಲು ಇಮ್ಮಡಿಯಾಗಿತ್ತು. ಹಸಿವೇ ಕಾರಣವೆಂದರೆ, ತಾನು ಹೂ ಬಿಡಿಸಲು ಹೋದ ತೋಟದ ತುಂಬ ಮಿಡತೆಗಳಿದ್ದವಲ್ಲ? ಅವನು ಕೇಳಿದ: “ಬುದ್ಧಿ, ನಾನು ಕಂಡ ಹುಳುವನ್ನು ಯಾರೂ ಬುಟ್ಟಿಯಲ್ಲಿ ಉಪವಾಸ ಕೆಡವಿರಲಿಲ್ಲ. ಅದೇಕೆ ತಿಂದಿತು?”

“ಅದು ಹುಳು, ಹಾಲಪ್ಪ. ಆ ಹೆಂಗಸು ಹುಳುವಲ್ಲ ಎಂಬುದು ಆ ಹಿರಿಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಇಷ್ಟು ಹೊತ್ತು ಕೇಳಿದ ನಿನಗೂ ಹೊಳೆಯಲಿಲ್ಲ.”