ಪಕ್ಕದ ಪಂಜರದ ಇಲಿ

ಪ್ರಯೋಗಶಾಲೆಯ ಎರಡು ಪಂಜರಗಳಲ್ಲಿ ಒಂದೊಂದು ಬಿಳಿ ಇಲಿ ಇತ್ತು. ಲಿವರ್ ಕೆಡಿಸುವ ವಿಷವನ್ನು ಎರಡಕ್ಕೂ ಕುಡಿಸಿದರು. ನೆಲನೆಲ್ಲಿಯ ರಸ ಸಿಕ್ಕಿದ್ದು ಮಾತ್ರ ಒಂದಕ್ಕೇ. ವಾರ ಕಳೆದ ಮೇಲೆ ಆ ಇಲಿ ಚುರುಕಾಗಿ ಎದ್ದು, ಕಿಟಕಿಯ ಕುಂಡದಲ್ಲಿದ್ದ ನೆಲನೆಲ್ಲಿ ಗಿಡಕ್ಕೆ ಕೈಮುಗಿಯಿತು. "ತಾಯಿ, ನೀನೇ ನನ್ನ ಜೀವ ಉಳಿಸಿದೆ."

"ನನ್ನಿಂದಲೇ ಉಳಿದೆ ಎಂದು ನಿನಗೆ ಹೇಗೆ ಗೊತ್ತು?" ಎಂದಿತು ಗಿಡ.

ಇಲಿ ಪಕ್ಕದ ಪಂಜರ ನೋಡಿತು. ಅಲ್ಲಿದ್ದ ಇಲಿಯ ಕಿವಿಗಳು ಹಳದಿಗಟ್ಟಿದ್ದವು. ಅದು ಮೂಲೆ ಹಿಡಿದು ಮಲಗಿತ್ತು.

"ಅಣ್ಣ, ನಿನಗೇಕೆ ಮದ್ದು ಕೊಡಲಿಲ್ಲ?"

"ಒಬ್ಬರಿಗಾದರೂ ಕೊಡದೆ ಇದ್ದರೆ ತಾನೇ ಮದ್ದಿನ ಗುಣ ಗೊತ್ತಾಗುವುದು? ನೀನು ಎದ್ದೆಯಲ್ಲ, ಗೊತ್ತಾಯಿತು ಬಿಡು," ಎಂದಿತು ಅದು.

ಇಲಿ ಮುಗಿದ ಕೈ ಬಿಚ್ಚದೆ ಅದರತ್ತ ತಿರುಗಿತು. ಕುಂಡದಲ್ಲಿದ್ದ ನೆಲನೆಲ್ಲಿಯೂ ಅದೇ ಕಡೆಗೆ ತಲೆಬಾಗಿತು.