ಇಪ್ಪತ್ತನಾಲ್ಕು ಲೋಟ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಸಾಕಮ್ಮ ಎಂಬುವಳಿದ್ದಳು. ಅವಳಿಗೊಬ್ಬನೇ ಮಗ, ಭೋಜರಾಜ. ಹೆಸರೇನೋ ರಾಜನದು, ತಲೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ತಲೆ. ಹಾಲು ಉಕ್ಕುವುದನ್ನು ನೋಡುತ್ತಿರು ಅಂದರೆ, ಉಕ್ಕಿ, ಒಲೆ ಆರಿ, ನೆಲಕ್ಕೆ ಹರಿಯುವ ತನಕ ನೋಡುತ್ತಿದ್ದ. "ಇವನನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ" ಎಂದು ಸಾಕಮ್ಮ ಹಣೆ ಚಚ್ಚಿಕೊಂಡರೆ, "ನಾನೇ ಹೇಳಲಾಮ್ಮ?" ಎಂದು ಹತ್ತಿರ ಬರುತ್ತಿದ್ದ.

ಸಾಕಮ್ಮನಿಗಿದ್ದದ್ದು ಒಂದೇ ಆಸೆ. ಮೂವತ್ತು ವರ್ಷ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯ್ದವಳು, ಸಾಯುವುದರೊಳಗೆ ಸ್ವಂತ ಮಗ್ಗವೊಂದನ್ನು ಹಾಕಿಸಬೇಕು. ಅವಳ ತಮ್ಮ ವಿರೂಪಾಕ್ಷ ಸೀರೆ ಅಂಚಿಗೆ ಡಿಸೈನ್ ಬರೆಯುವವನು. ಹೊರದೇಶದ ಗಿರಾಕಿಯೊಬ್ಬ ಅವನಿಗೆ ಬಿಟ್‌ಕಾಯಿನ್ ಕೊಟ್ಟಿದ್ದ. ಅದರಲ್ಲಿ ಅಕ್ಕನ ಪಾಲು ಬೇರೆ ಮಾಡಿ, ಹೆಬ್ಬೆರಳುದ್ದದ ಯಂತ್ರವೊಂದನ್ನು ತಂದು ಅವಳ ಅಂಗೈಯಲ್ಲಿಟ್ಟ.

"ಅಕ್ಕ, ನಿನ್ನ ಮಗ್ಗ."

"ಇಷ್ಟರೊಳಗಾ?"

"ದುಡ್ಡು ಇದರೊಳಗಿಲ್ಲ. ಅದು ಲೋಕದ ತುಂಬ ಹರಡಿರೋ ಒಂದು ಲೆಕ್ಕದ ಪುಸ್ತಕದಲ್ಲಿದೆ. ಮೊಬೈಲಿನ ಆ್ಯಪ್‌ನಲ್ಲಿ ನೋಡು, ಕಾಣುತ್ತೆ. ಅದನ್ನ ತೆಗೆಯೋ ಬೀಗದಕೈ ಮಾತ್ರ ಈ ಯಂತ್ರದೊಳಗೆ."

"ಯಾವ ಬ್ಯಾಂಕಪ್ಪ?"

"ಬ್ಯಾಂಕಿಲ್ಲ."

"ಮ್ಯಾನೇಜರ್ರು?"

"ಅವನೂ ಇಲ್ಲ. ಕಳೆದರೆ ಹೋಗಿ ಅಳೋಕೆ ಒಂದು ಆಫೀಸೂ ಇಲ್ಲ."

ಆಮೇಲೆ ಒಂದು ಚೀಟಿ ಕೊಟ್ಟ. ಅದರಲ್ಲಿ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ಯಂತ್ರ ಕೆಟ್ಟರೂ, ಅಳಿಸಿಹೋದರೂ, ಈ ಪದಗಳನ್ನು ತುಂಬಿದರೆ ಬೀಗದಕೈ ಮತ್ತೆ ಹುಟ್ಟುತ್ತದೆ ಎಂದ. ಸಾಕಮ್ಮ ಅರ್ಥ ಕೇಳಿದಳು. ಅಲ್ಲೊಂದು ಇಲ್ಲೊಂದು ಆರಿಸಿ ಹೇಳಿದ: ಏಣಿ, ಒಂಟೆ, ಕೊಡೆ, ಕತ್ತೆ, ಹೀಗೇ. "ಏಣಿ ಒಂಟೆ ಕೊಡೆ ಅಂದರೆ ಮಗ್ಗ ಬರುತ್ತಾ?" ಎಂದವಳು, ಯಂತ್ರವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. ಅವಳಿಗೆ ಇಂಗ್ಲಿಷ್ ಬಾರದು. ನೋಡಿಕೊಳ್ಳುವ ಕೆಲಸ ಭೋಜರಾಜನ ಪಾಲಿಗೆ ಬಂತು.

"ನೋಡೋ, ಇದಕ್ಕೊಂದು ಗುಟ್ಟಿನ ನಂಬರಿದೆ. ಒತ್ತುವಾಗ ಯಾರ ಕಣ್ಣಿಗೂ ಬೀಳಬಾರದು" ಎಂದು ಹೇಳಿ ವಿರೂಪಾಕ್ಷ ಊರಿಗೆ ಹೋದ.

ಯಾರ ಕಣ್ಣಿಗೂ ಅಂದರೆ ತನ್ನ ಕಣ್ಣೂ ಸೇರಿತಲ್ಲ. ಭೋಜರಾಜ ಕಣ್ಣು ಗಟ್ಟಿಯಾಗಿ ಮುಚ್ಚಿ ಒತ್ತಿದ. ತಪ್ಪಾಯಿತು. ಮತ್ತೆ ಮುಚ್ಚಿ ಒತ್ತಿದ. ತಪ್ಪಾಯಿತು. ಮೂರನೆಯ ಸಲ ತಪ್ಪಿದ್ದೇ ತಡ, ಯಂತ್ರ ತನ್ನೊಳಗಿದ್ದದ್ದನ್ನೆಲ್ಲ ತಾನೇ ಅಳಿಸಿಕೊಂಡು ಖಾಲಿಯಾಗಿ ಕೂತಿತು.

ವಿರೂಪಾಕ್ಷ ಮೊದಲ ಬಸ್ಸಿಗೆ ಬಂದ. ಚೀಟಿ ನೋಡಿ ಇಪ್ಪತ್ತನಾಲ್ಕು ಪದಗಳನ್ನು ತುಂಬಿದ. ಬೀಗದಕೈ ಮತ್ತೆ ಹುಟ್ಟಿತು. ಸಾಕಮ್ಮ ಬಾಯಿಗೆ ಸೆರಗು ಹಿಡಿದು ನಿಂತಳು. ಸತ್ತದ್ದು ಎದ್ದುಬಂದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಕಣ್ಣು ಬಿಟ್ಟು ಒತ್ತಬೇಕು ಕಣೋ ಪೆದ್ದ. ದುಡ್ಡು ಕಳಿಸೋವಾಗ ಮೊಬೈಲಲ್ಲಿ ಯಾವ ವಿಳಾಸ ಕಾಣುತ್ತೋ ಯಂತ್ರದಲ್ಲೂ ಅದೇ ಕಾಣುತ್ತಾ ಅಂತ ಅಕ್ಷರ ಅಕ್ಷರ ತಾಳೆ ನೋಡು. ತಾಳೆಯಾದರೆ ಒತ್ತು."

"ಆಗಲಿ ಮಾವ."

ಎರಡು ದಿನಕ್ಕೆ ಅಪರಿಚಿತನೊಬ್ಬನ ಸಂದೇಶ ಬಂತು: ಈ ವಿಳಾಸಕ್ಕೆ ಸ್ವಲ್ಪ ಕಳಿಸಿ, ಎರಡರಷ್ಟು ವಾಪಸ್ ಕೊಡುತ್ತೇವೆ. ಭೋಜರಾಜ ಆ್ಯಪ್‌ನಲ್ಲಿ ಆ ವಿಳಾಸ ಹಾಕಿ, ಮೊಬೈಲನ್ನೂ ಯಂತ್ರವನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ತಾಳೆ ನೋಡಿದ. ಒಂದಕ್ಷರವೂ ತಪ್ಪಿರಲಿಲ್ಲ. ಒತ್ತಿದ. ಹೋದದ್ದು ಹೋಯಿತು.

"ಯಾರಿಗೆ ಕಳಿಸಿದೆಯೋ?" ಎಂದ ವಿರೂಪಾಕ್ಷ, ಫೋನಿನಲ್ಲಿ.

"ಗೊತ್ತಿಲ್ಲ ಮಾವ. ತಾಳೆ ಮಾತ್ರ ಸರಿಯಾಗಿತ್ತು."

"ಸದ್ಯ, ಅಷ್ಟಕ್ಕೇ ಬಿಟ್ಟೆಯಲ್ಲ. ಇನ್ನು ಮೇಲೆ ಯಾರು ಕೇಳಿದರೂ ಕೊಡಬೇಡ. ನಾನೇ ಬಂದು ಕೇಳಿದರೂ ಕೊಡಬೇಡ."

ಮುಂದಿನ ಶುಕ್ರವಾರ ವಿರೂಪಾಕ್ಷ ಮಗ್ಗ ಮಾರುವವನನ್ನೇ ಕರೆದುಕೊಂಡು ಬಂದ. ಸಾಕಮ್ಮ ಮಗ್ಗ ಕೂರಿಸಲು ನಡುಮನೆ ಸಾರಿಸಿದ್ದಳು. ಭೋಜರಾಜ ಯಂತ್ರವನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತ.

"ಕೊಡೋ."

"ಕೊಡಲ್ಲ. ನೀವೇ ಬಂದು ಕೇಳಿದರೂ ಕೊಡಬೇಡ ಅಂತ ನೀವೇ ಹೇಳಿದೀರಿ."

"ನಾನೇ ಈಗ ಕೊಡು ಅಂತಿದೀನಿ."

"ಹೀಗೆ ಕೇಳ್ತೀರಿ ಅಂತಾನೇ ಅಲ್ವಾ ಮಾವ ಹಾಗೆ ಹೇಳಿದ್ದು."

ಮಗ್ಗದವನು ಒಂದು ಗಂಟೆ ಕಾದ. "ಇನ್ನೊಂದು ವಾರ ನೋಡ್ತೀನಮ್ಮ. ಆಮೇಲೆ ಬೇರೆ ಪಾರ್ಟಿಗೆ ಕೊಟ್ಟುಬಿಡ್ತೀನಿ" ಎಂದು ಎದ್ದುಹೋದ.

ಸಾಕಮ್ಮ ಮಗನನ್ನು ಬೈಯಲಿಲ್ಲ. ಸಾರಿಸಿದ ನೆಲದ ಮೇಲೆ ಸುಮ್ಮನೆ ಕೂತಳು. ಅದನ್ನು ನೋಡಿ ಭೋಜರಾಜ, "ಅಮ್ಮ, ಮುಂದಿನ ವಾರ ಮಾವ ಹೇಳಿದ್ದರಲ್ಲಿ ಒಂದು ಚೂರೂ ತಪ್ಪಲ್ಲ" ಎಂದ. ಅಷ್ಟರಲ್ಲಿ ದೇವರ ಗೂಡಿನಲ್ಲಿದ್ದ ಚೀಟಿ ವಿರೂಪಾಕ್ಷನ ಕಣ್ಣಿಗೆ ಬಿತ್ತು. ಒಂದು ಮೂಲೆ ಗೆದ್ದಲು ಹಿಡಿದಿತ್ತು.

"ಕೇಳಿಲ್ಲಿ. ಕಾಗದ ನಂಬಬೇಡ. ಈ ಪದಗಳನ್ನ ಸ್ಟೀಲಿನ ಮೇಲೆ ಕೆತ್ತಿಸು. ಎಲ್ಲಾ ಒಂದೇ ಮನೇಲಿ ಇಡಬೇಡ. ಕೆತ್ತಿಸಿದ ಮೇಲೆ ಚೀಟಿ ಸುಡು. ಆಮೇಲೆ ಯಂತ್ರವನ್ನೊಮ್ಮೆ ಪೂರ್ತಿ ಅಳಿಸಿ, ಸ್ಟೀಲ್ ನೋಡಿ ಮತ್ತೆ ತುಂಬು. ತುಂಬಿತು ಅಂದರೆ ಭದ್ರ. ಲೋಕದಲ್ಲಿ ತಿಳಿದವರೆಲ್ಲ ಹೀಗೇ ಮಾಡೋದು."

ಭೋಜರಾಜ ಪಾತ್ರೆ ಅಂಗಡಿಗೆ ಹೋದ. ಪಾತ್ರೆ ಕೊಂಡರೆ ಹೆಸರು ಕೆತ್ತಿಕೊಡುತ್ತಾರಷ್ಟೆ. ಒಂದು ಪಾತ್ರೆಗೆ ಒಂದು ಹೆಸರು ಬಿಟ್ಟಿ. ಇಪ್ಪತ್ತನಾಲ್ಕು ಲೋಟ ಕೊಂಡು, ಒಂದೊಂದರ ಮೇಲೆ ಒಂದೊಂದು ಪದ ಕೆತ್ತಿಸಿದ. ಎಲ್ಲಾ ಒಂದೇ ಮನೆಯಲ್ಲಿ ಇಡಬಾರದಲ್ಲ, ಬೀದಿಯ ಇಪ್ಪತ್ತನಾಲ್ಕು ಮನೆಗೆ ಒಂದೊಂದು ಕೊಟ್ಟ. ಚೀಟಿ ಸುಟ್ಟ. ಯಂತ್ರ ಅಳಿಸಿದ. ಮತ್ತೆ ತುಂಬಲು ಸ್ಟೀಲು ನೋಡೋಣವೆಂದರೆ ಮನೆಯಲ್ಲಿ ಒಂದು ಲೋಟವೂ ಇರಲಿಲ್ಲ.

ಶುಕ್ರವಾರ ಮಗ್ಗದವನೊಂದಿಗೆ ವಿರೂಪಾಕ್ಷ ಬಂದಾಗ ನಡೆದದ್ದನ್ನೆಲ್ಲ ಭೋಜರಾಜ ಒಂದೂ ಬಿಡದೆ ಒಪ್ಪಿಸಿದ. ವಿರೂಪಾಕ್ಷ ಗೋಡೆಗೊರಗಿದ.

"ಯಾವ ಪದ ಆದ ಮೇಲೆ ಯಾವುದು ಅಂತ ಹೇಗೋ ಗೊತ್ತಾಗೋದು? ಸಾಲು ತಪ್ಪಿದರೆ ಯಂತ್ರ ಒಪ್ಪಲ್ಲ."

"ಮೊದಲನೇ ಮನೆಗೆ ಮೊದಲನೇ ಪದ, ಎರಡನೇ ಮನೆಗೆ ಎರಡನೇದು. ಬೀದಿ ಉದ್ದಕ್ಕೂ ನಡಕೊಂಡು ಹೋದರೆ ಸಾಲು ಸರಿಯಾಗೇ ಇದೆ ಮಾವ."

ವಿರೂಪಾಕ್ಷ ಬಾಗಿಲಿಗೆ ಬಂದು ಬೀದಿ ಉದ್ದಕ್ಕೂ ಕಣ್ಣು ಹಾಯಿಸಿದ. ಕಳ್ಳನೊಬ್ಬ ಬಂದರೂ ಇಪ್ಪತ್ತನಾಲ್ಕು ಅಡುಗೆಮನೆ ಹೊಕ್ಕು ಬರಬೇಕು. ಬಂದರೂ ಅದು ಲೋಟವೆಂದೇ ತಿಳಿದಾನು. ಇಡೀ ಬೀದಿಯನ್ನೇ ತಿಜೋರಿ ಮಾಡಿದ್ದ ಹುಡುಗ. "ಅಕ್ಕ, ನಿನ್ನ ಮಗ ಪೆದ್ದನಲ್ಲ" ಎಂದ. ಸಾಕಮ್ಮನ ಕಣ್ಣು ತುಂಬಿತು. ಅವನನ್ನು ಹೆತ್ತಂದಿನಿಂದ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

"ಹಾಗಾದರೆ ಓಡು ಮಗನೇ, ಲೋಟ ತಗೊಂಡು ಬಾ" ಎಂದಳು. "ಎಲ್ಲರೂ ಕುಡಿದಿರ್ತಾರೆ, ಎಂಜಲು. ಚೆನ್ನಾಗಿ ತೊಳೆದು ತಾ."

ಭೋಜರಾಜ ಓಡಿದ. ಇಪ್ಪತ್ತನಾಲ್ಕು ಲೋಟವನ್ನೂ ದೊಡ್ಡ ಬಾನಿಗೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಒಂದರ ಮೇಲೊಂದು ಪೇರಿಸಿ ತಂದ. ಲೋಟಗಳು ಫಳಫಳ ಹೊಳೆಯುತ್ತಿದ್ದವು.

ವಿರೂಪಾಕ್ಷ ಮೇಲಿನ ಲೋಟ ಎತ್ತಿ, "ಇದು ಯಾವ ಮನೆಯದೋ?" ಎಂದರೆ, "ತೊಳೆದದ್ದು ಮಾವ" ಎಂದ ಭೋಜರಾಜ.

ವಿರೂಪಾಕ್ಷ ಬೀದಿಯಲ್ಲೆಲ್ಲ ಕೇಳಿಕೊಂಡು ಬಂದ. ಯಾವ ಲೋಟದ ಮೇಲೆ ಏನಿತ್ತೆಂದು ಯಾರೂ ನೋಡಿರಲಿಲ್ಲ. ಒಂಬತ್ತನೇ ಮನೆಯ ಕಾಮಾಕ್ಷಮ್ಮ ಮಾತ್ರ ನೋಡಿದ್ದಳು. "ನೆನಪಿಲ್ಲದೆ ಏನು? ನಮ್ಮ ಯಜಮಾನರಿಗೇ ಡಾಂಕಿ ಅಂತ ಬರೆಸಿಕೊಟ್ಟಿದಾನೆ" ಎಂದಳು. ಕತ್ತೆಯೊಂದು ತನ್ನ ಜಾಗಕ್ಕೆ ಬಂತು. ಉಳಿದದ್ದು ಇಪ್ಪತ್ತಮೂರು. ಅವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ವಿರೂಪಾಕ್ಷ ಲೆಕ್ಕ ಹಾಕಿದ. ಇಪ್ಪತ್ತಮೂರು ಅಂಕಿಯ ಸಂಖ್ಯೆ ಬಂತು. ಈ ಬೀದಿಯವರೆಲ್ಲ ಸೇರಿ ಕ್ಷಣಕ್ಕೊಂದು ಸಲ ಜೋಡಿಸಿದರೂ ಅದು ಮುಗಿಯುವುದರೊಳಗೆ ಸೂರ್ಯ ಆರಿಹೋಗಿರುತ್ತಾನೆ.

ಸಾಕಮ್ಮ ಮೊಬೈಲ್ ನೋಡಿದಳು. ದುಡ್ಡು ಅಲ್ಲೇ ಇತ್ತು.

"ಯಾರೂ ಕದ್ದಿಲ್ಲ ಅಲ್ವಾ?"

"ಇಲ್ಲಕ್ಕ. ಯಾವ ರಾಜನೂ ಇನ್ನು ಮುಟ್ಟೋಕಾಗಲ್ಲ."

"ನಾನು?"

ಮಗ್ಗದವನು ಎದ್ದು, ಚಪ್ಪಲಿ ಹಾಕಿಕೊಂಡು, ಮೊಬೈಲಿನ ಕಡೆ ಒಮ್ಮೆ ಕೈಮುಗಿದು ಹೋದ.

"ಕೂತ್ಕೊಂಡು ಒಂದೊಂದೇ ಜೋಡಿಸಿ ತುಂಬಿ ನೋಡ್ತಿರು, ಹೋಗು" ಎಂದ ವಿರೂಪಾಕ್ಷ, ಭೋಜರಾಜನ ಮುಖ ನೋಡಲಾರದೆ.

ಭೋಜರಾಜ ಕೂತ. ಮರುದಿನ ಸಾಕಮ್ಮ ಕೂಲಿ ಮಗ್ಗದಿಂದ ಸಂಜೆ ಬಂದಾಗಲೂ ಸಾರಿಸಿದ ನೆಲದ ಮೇಲೆ ಲೋಟ ಸಾಲಿಟ್ಟು, ಪದ ಓದಿ, ಯಂತ್ರಕ್ಕೆ ತುಂಬಿ, ತಪ್ಪೆಂದರೆ ಬೇರೆ ಸಾಲಿಡುತ್ತಿದ್ದ. ಬೀದಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಕಮ್ಮ ಹತ್ತಿರ ಬಂದು ಕೂತಳು.

"ಇದುವರೆಗೆ ಜೋಡಿಸಿದ್ದನ್ನೆಲ್ಲ ಬರೆದಿಟ್ಟಿದೀಯೇನೋ?"

"ಇಲ್ಲಮ್ಮ. ಕಾಗದ ನಂಬಬೇಡ ಅಂದಿದಾರೆ ಮಾವ."

"ಹಾಗಾದರೆ ಇಟ್ಟ ಸಾಲನ್ನೇ ಮತ್ತೆ ಮತ್ತೆ ಇಡ್ತಿದೀಯೋ ಏನೋ."

"ಇರಬಹುದಮ್ಮ" ಎಂದು ಭೋಜರಾಜ ಮುಂದಿನ ಲೋಟ ಎತ್ತಿಕೊಂಡ.