ಕೊಬ್ಬಿಸುವ ದೊಡ್ಡಿ

ಹೊಳೆಯ ದಡದಲ್ಲೊಂದು ಆಶ್ರಮ. ಅಲ್ಲಿದ್ದ ಗುರು ಮಡಿವಾಳಯ್ಯನವರು ದನಕರುಗಳಿಗೆ ಮದ್ದು ಕೊಡುವುದರಲ್ಲಿ ಹೆಸರಾದವರು. ಆ ವಿದ್ಯೆ ಕಲಿಯಲೆಂದೇ ಇಂದುಧರ ಅವರ ಬಳಿ ಬಂದು ಸೇರಿಕೊಂಡಿದ್ದ.

ಹೊಳೆಯಾಚೆ ಒಂದು ದೊಡ್ಡಿ. ಬಡಕಲು ಕೋಣಗಳನ್ನು ಕೊಂಡು ತಂದು, ತಿನ್ನಿಸಿ ಕೊಬ್ಬಿಸಿ, ಮಾಂಸಕ್ಕೆ ಕಳಿಸುವ ಜಾಗ. ಒಂದು ಬೆಳಿಗ್ಗೆ ದೊಡ್ಡಿಯ ಧಣಿ ಏದುಸಿರು ಬಿಡುತ್ತಾ ಬಂದ.

"ಸ್ವಾಮಿ, ಕೋಣಗಳು ಹೊಟ್ಟೆ ಉಬ್ಬಿ ಬೀಳುತ್ತಿವೆ. ಬೇಗ ಬನ್ನಿ."

ಗುರುಗಳು ಮದ್ದಿನ ಚೀಲ ಎತ್ತಿಕೊಂಡರು. ಇಂದುಧರ ಕದಲಲಿಲ್ಲ.

"ಕಡಿಯಲೆಂದೇ ಸಾಕಿದವು, ಗುರುಗಳೇ. ಇವತ್ತು ಉಳಿಸಿ ಏನು ಬಂತು?"

"ಅವಕ್ಕೆ ಈಗ ಹೊಟ್ಟೆ ನೋಯುತ್ತಿದೆ," ಎನ್ನುತ್ತಾ ಗುರುಗಳು ದೋಣಿ ಹತ್ತಿದರು.

ಇಂದುಧರನೂ ಹತ್ತಿದ.

ದೊಡ್ಡಿಯ ಸಗಣಿ ಕೆಸರಿನಲ್ಲಿ ಒಂದು ಕೋಣ ಪಕ್ಕಕ್ಕೆ ಮಲಗಿತ್ತು. ಹಲ್ಲು ಕಡಿಯುವ ಸದ್ದು ಬೇಲಿಯಾಚೆಗೂ ಕೇಳುತ್ತಿತ್ತು. ಗುರುಗಳು ಎಣ್ಣೆ ಕುಡಿಸಿದರು, ಹೊಟ್ಟೆ ತಿಕ್ಕಿದರು. ಹೊತ್ತು ಮೀರಿತ್ತು. ಇಂದುಧರ ಅದರ ತಲೆ ಹಿಡಿದುಕೊಂಡಿದ್ದಂತೆಯೇ ಕೋಣ ಸತ್ತಿತು.

"ನೀನು ಇಲ್ಲೇ ಇರು," ಎಂದರು ಗುರುಗಳು. "ಇವು ಯಾಕೆ ಸಾಯುತ್ತವೆ ಎಂದು ತಿಳಿದುಕೊಂಡು ಬಾ."

"ಅದು ಗೊತ್ತಿರುವುದೇ. ಕತ್ತಿಯಿಂದ."

"ಇದರ ಮೈಮೇಲೆ ಕತ್ತಿಯ ಗಾಯ ಎಲ್ಲಿದೆ, ತೋರಿಸು."

ಇಂದುಧರ ದೊಡ್ಡಿಯಲ್ಲೇ ಉಳಿದ.

ಮೊದಮೊದಲು ಅವನು ಏನೂ ಮಾಡಲಿಲ್ಲ, ಬರೀ ನೋಡಿದ. ಹುಲ್ಲು ಮೇಯ್ದುಕೊಂಡಿದ್ದ ಕೋಣಗಳು ಲಾರಿಯಿಂದ ಇಳಿಯುತ್ತಿದ್ದವು. ಇಳಿದ ಗಳಿಗೆಯಲ್ಲೇ ಆಳುಗಳು ಗೋದಲಿ ತುಂಬ ಜೋಳದ ನುಚ್ಚು ಸುರಿಯುತ್ತಿದ್ದರು. ಹಸಿದವು ಬಾಚಿ ಬಾಚಿ ತಿನ್ನುತ್ತಿದ್ದವು. ಮಾರನೆಯ ದಿನ ಮೆಲುಕು ನಿಲ್ಲುತ್ತಿತ್ತು. ಎಡಪಕ್ಕೆಗೆ ಕಿವಿಯಿಟ್ಟರೆ ಒಳಗೆ ಗುಡುಗುಡು ಸದ್ದೇ ಇಲ್ಲ. ಆಮೇಲೆ ಕಾಲು ಕುಂಟು, ಆಮೇಲೆ ಹೊಟ್ಟೆಯುಬ್ಬರ.

ಇನ್ನು ಕೆಲವು ಬೇರೆ ರೀತಿ ಸೊರಗುತ್ತಿದ್ದವು. ಗೋದಲಿಯ ಉದ್ದ ಸಾಲದು, ಕೋಣಗಳು ಹೆಚ್ಚು. ಬಲಿಷ್ಠವಾದವು ನುಗ್ಗಿ ನಿಂತರೆ ಪುಕ್ಕಲು ಕೋಣಗಳಿಗೆ ಬಾಯಿಡಲು ಜಾಗವಿಲ್ಲ. ಕೊಂಬು ಮುರಿದ ಒಂದು ಕೋಣವಂತೂ ಗೋದಲಿಯ ಹತ್ತಿರಕ್ಕೇ ಬರುತ್ತಿರಲಿಲ್ಲ.

ಅವನು ಧಣಿಯ ಬಳಿ ಹೋದ.

"ಮೊದಲು ಒಣಮೇವು ಹಾಕಿಸಿ. ನುಚ್ಚನ್ನು ಒಂದೊಂದೇ ಹಿಡಿ ಏರಿಸುತ್ತಾ ಹೋಗೋಣ. ಗೋದಲಿ ಉದ್ದ ಮಾಡಿಸಿ. ಮಲಗುವ ನೆಲ ಒಣಗಿರಬೇಕು."

"ಹಾಗೆ ಮಾಡಿದರೆ ಇವು ಮೈ ತುಂಬಿಕೊಳ್ಳುವುದು ಯಾವಾಗ?"

"ಸತ್ತವು ಮೈ ತುಂಬಿಕೊಂಡವೇ?"

ಧಣಿ ಆಳುಗಳನ್ನು ಕರೆದು ಒಣಮೇವು ತರಲು ಹೇಳಿದ.

ದೊಡ್ಡಿಯಲ್ಲಿ ಸಾವು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮಧ್ಯಾಹ್ನ ಕೋಣಗಳು ಒಣನೆಲದ ಮೇಲೆ ಕಾಲು ಮಡಚಿ ಮೆಲುಕು ಹಾಕುತ್ತಿದ್ದವು. ಇಂದುಧರ ನಡುವೆ ಕೂತು ಆ ಸದ್ದು ಕೇಳುತ್ತಿದ್ದ. ಮುರುಕು ಕೊಂಬಿನದು ಅವನ ಹೆಗಲ ಮೇಲೆ ಗದ್ದವಿಟ್ಟು ನಿದ್ದೆ ಹೋಗುತ್ತಿತ್ತು. ಅವನಿಗೆ ಅದು ಭಾರವೆನಿಸುತ್ತಿರಲಿಲ್ಲ. ಇವು ಇಲ್ಲಿರುವುದು ಯಾತಕ್ಕೆಂಬುದು ಕೆಲವು ದಿನ ಅವನಿಗೆ ಮರೆತೇ ಹೋಗಿತ್ತು.

ಹಾಗಿರುವಾಗ ಖಾಲಿ ಲಾರಿಗಳು ಬಂದವು.

ಕೋಣಗಳನ್ನು ಹತ್ತಿಸಲು ಲಾರಿಯಿಂದ ನೆಲಕ್ಕೆ ಹಲಗೆ ಇಳಿಸಿದರು. ಒಂದು ಕೋಣವೂ ಅದರ ಮೇಲೆ ಕಾಲಿಡಲಿಲ್ಲ. ಆಳುಗಳು ಕೋಲು ಎತ್ತಿಕೊಂಡರು. ಒಬ್ಬ ಬಾಲ ಹಿಡಿದು ತಿರುಚಿದ.

"ನೀವು ಮುಂದೆ ನಡೆದರೆ ಬರುತ್ತವೆ, ಸ್ವಾಮಿ," ಎಂದ ಧಣಿ. ಅವನ ದನಿಯಲ್ಲಿ ಕೊಂಕಿರಲಿಲ್ಲ. "ಇಲ್ಲದಿದ್ದರೆ ಬಡಿದೇ ಹತ್ತಿಸಬೇಕು."

ಇಂದುಧರ ಗೋದಲಿಯತ್ತ ನೋಡಿದ, ಕೋಲುಗಳತ್ತ ನೋಡಿದ. ಬುಟ್ಟಿಯಲ್ಲಿ ಮೇವು ತುಂಬಿಕೊಂಡು ಹಲಗೆ ಹತ್ತಿದ.

ಕೋಣಗಳು ಒಂದರ ಹಿಂದೊಂದು ಬಂದವು. ಮುರುಕು ಕೊಂಬಿನದು ಎಲ್ಲಕ್ಕಿಂತ ಮುಂದಿತ್ತು. ಲಾರಿಯೊಳಗೆ ಅದು ಅವನ ಅಂಗೈಯಿಂದ ತಿಂದಿತು. ಅವನು ಕೆಳಗಿಳಿದಾಗ ಹಿಂದೆಯೇ ಇಳಿಯಲು ನೋಡಿತು. ಅಷ್ಟರಲ್ಲಿ ಬಾಗಿಲು ಹಾಕಿದರು.

ಅವನು ಆಶ್ರಮಕ್ಕೆ ಬಂದ. ಊಟಕ್ಕೆ ಕೂತ, ಮುಟ್ಟದೆ ಎದ್ದ. ಮಾರನೆಯ ಬೆಳಿಗ್ಗೆ ಗುರುಗಳೇ ಅವನ ಪಕ್ಕ ಬಂದು ಕೂತರು.

"ತಿಳಿದುಕೊಂಡೆಯಾ?"

"ತಿಳಿದುಕೊಂಡೆ."

"ನೀನು ಹೋಗುವ ಮೊದಲು ಅವು ಹೇಗೆ ಸಾಯುತ್ತಿದ್ದವು?"

"ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಾ."

"ಈಗ?"

ಇಂದುಧರ ಹೊಳೆಯಾಚೆಯ ದೊಡ್ಡಿಯತ್ತ ನೋಡಿದ.

"ನನ್ನನ್ನು ನಂಬಿ ಸಾಯುತ್ತವೆ," ಎಂದ.

ಗುರುಗಳು ತಲೆಯಾಡಿಸಿದರು.

"ತಮಗೆ ಮೊದಲೇ ಗೊತ್ತಿತ್ತು, ಗುರುಗಳೇ. ಹೀಗಾಗುತ್ತದೆ ಎಂದು."

"ಗೊತ್ತಿತ್ತು."

"ಆದರೂ ಕಳಿಸಿದಿರಿ."

"ನಾನೂ ಹಿಂದೊಮ್ಮೆ ಅಲ್ಲಿ ಮೇವು ಹಿಡಿದು ಹಲಗೆ ಹತ್ತಿದವನೇ."

ಇಂದುಧರ ತಿರುಗಿ ಅವರ ಮುಖ ನೋಡಿದ. ಆ ಮುಖವನ್ನು ಅವನು ಇಷ್ಟು ದಿನ ಶಾಂತವಾದದ್ದು ಎಂದುಕೊಂಡಿದ್ದ.

"ಹಾಗಾದರೆ ಒಂದು ಮಾತು ಹೇಳಿ. ಮನಸ್ಸಿಗೆ ಸಮಾಧಾನವಾಗುವಂಥದ್ದು."

ಗುರುಗಳು ಎದ್ದು, ದೋಣಿಯ ಹಗ್ಗ ಬಿಚ್ಚಿದರು.

"ಅದು ನನ್ನ ಹತ್ತಿರವೂ ಇಲ್ಲ. ಆಚೆ ದೊಡ್ಡಿಗೆ ಹೊಸ ಕೋಣಗಳು ಬಂದಿಳಿದಿವೆ, ಹಸಿದಿವೆ. ನಡೆ."